ಬೆಳಕಿಗೆ ಬೆಳಕು ಕೂಡಿಸಿದ ಕತ್ತಲು

ಏಳು ಕೋಟೆಯಾಚೆ ಒಬ್ಬ ರಾಜಕುಮಾರಿ ಇದ್ದಳಂತೆ. ಬೆಳಕಿಗೆ ಬೆಳಕು ಕೂಡಿಸಿ ಕತ್ತಲು ಮಾಡಿದವನಿಗೇ ಮಾಲೆ ಹಾಕುತ್ತೇನೆ ಎಂದಳಂತೆ.

ಅಜ್ಜಿ ಗಿರಿಜಾಬಾಯಿಯ ಈ ಕಥೆ ಕೇಳುತ್ತಲೇ ಬೆಳೆದವಳು ಸೋಲಾಪುರದ ಬಟ್ಟೆ ವ್ಯಾಪಾರಿಯ ಮಗಳು ನೀಲಗಂಗಾ. ೧೯೩೪ರ ದೀಪಾವಳಿಗೆ ಅಕ್ಕಲಕೋಟೆಯ ಸೋದರತ್ತೆಯ ಮಗ ರಾಚಪ್ಪ ಬಂದ. ಪುಣೆಯಲ್ಲಿ ಫಿಜಿಕ್ಸ್ ಓದುವವನು, ವರಸೆಯಲ್ಲಿ ಅವಳಿಗೆ ಮಾಮಾ. ಕಥೆ ಕೇಳಿ ನಕ್ಕ.

"ಅದೇನ್ ದೊಡ್ಡದು? ನಾ ತೋರಸ್ತೀನಿ."

"ತೋರಸ್ರಿ ಮಾಮಾ. ಖರೇನ ತೋರಿಸಿದ್ರ ನಾ ಹೂಂ ಅಂತೀನಿ." ಅಂದುಬಿಟ್ಟಳು, ಆಮೇಲೆ ಕಿವಿ ಕೆಂಪಾದವು.

ಅದು ಮೊನ್ನೆಯ ಮಾತು. ನಾಳೆ ಮಂಗಳವೇಢೆಯವರು ಅವಳನ್ನು ನೋಡಲು ಬರುವವರು. ಅಪ್ಪ ಮಾತು ಕೊಟ್ಟರೆ ಮುಗಿಯಿತು.

ಮಹಡಿಯ ಕೋಣೆಯಲ್ಲಿ ಬಿಸಿಲು ಬೀಳುವ ಕಿಟಕಿಗೆ ರಾಚಪ್ಪ ಕಟ್ಟಿದ ರಟ್ಟು, ರಟ್ಟಿನಲ್ಲೊಂದು ಸೀಳು, ಸೀಳಿಗೆ ಕೆಂಪು ಗಾಜು. ಅದರ ಮುಂದೆ ಕಂದೀಲಿನ ಮಸಿ ಹಿಡಿಸಿದ ಇನ್ನೊಂದು ಗಾಜು. ಮಸಿಯಲ್ಲಿ ಬ್ಲೇಡಿನಿಂದ ಗೀರಿದ ಎರಡು ಸಣ್ಣ ಗೆರೆ.

"ಬೆಳಕಿನ ಅಲಿ ಉದ್ದಕ್ಕ ಗ್ವಾಡಿ ದೂರ ಗುಣಿಸು, ಗೆರಿ ನಡುವಿನ ಜಾಗದ್ಲೆ ಭಾಗಿಸು," ಎಂದ ರಾಚಪ್ಪ. ನೀಲಗಂಗಾ ಪಾಟಿಯ ಮೇಲೆ ಮತ್ತೆ ಲೆಕ್ಕ ಮಾಡಿದಳು. ಜೋಳದ ಕಾಳಿನಷ್ಟು ದೂರಕ್ಕೊಂದು ಕಪ್ಪು ಪಟ್ಟಿ ಬೀಳಲೇಬೇಕು. ಗೋಡೆಯ ಮೇಲೆ ಮಾತ್ರ ಬರೀ ಮಸುಕು ಕೆಂಪು.

ಅವನು ಗಾಜು ಸರಿಸುತ್ತಾನೆ, ಬೆವರೊರೆಸುತ್ತಾನೆ, ತೆರೆದ ಬಾಗಿಲನ್ನು ನೋಡಿ ತಟ್ಟನೆ ಕಣ್ಣು ಹೊರಳಿಸುತ್ತಾನೆ. ಆ ನೋಟವನ್ನು ಅವಳು ಹಿಡಿದಳು.

"ಬಾಗಲದ ಬೆಳಕು ಪಟ್ಟೀನ ನುಂಗಾಕತ್ತೈತಿ. ಹೌದಿಲ್ಲರಿ?"

"ಹೌದು."

"ಎರಡು ದಿನದಿಂದ ಯಾಕ ಹೇಳ್ಲಿಲ್ಲ?"

"ನೀನೂ ನಾನೂ ಕುಂತ ಕೋಣಿ ಬಾಗಲಾ ಹಾಕ್ರಿ ಅಂತ ಅಜ್ಜಿಗೆ ಯಾವ ಬಾಯೀಲೆ ಕೇಳ್ಲಿ?"

ಮದುವೆಯಾಗದ ಹುಡುಗ ಹುಡುಗಿ ಇದ್ದಲ್ಲಿ ಬಾಗಿಲು ಮುಚ್ಚುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕೇಳುವುದೆಂದರೆ ಮನಸ್ಸನ್ನೇ ಹೇಳಿದಂತೆ. ಹೊರಗೆ ಬಿಸಿಲು ಇಳಿಯತೊಡಗಿತ್ತು. ಪಾಳಿ ಮುಗಿದ ಸೀಟಿಯಾಗಿ ಮಿಲ್ಲಿನ ಭೋಂಗಾ ಕೂಗಿತು. ನೀಲಗಂಗಾ ಎದ್ದಳು.

"ಅಜ್ಜೀ, ಬಾಗಲಾ ಹಾಕಬೇಕಾಗೈತಿ."

ಹೊರಗೆ ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. ಅಜ್ಜಿ ಕನ್ನಡಕದ ಮೇಲಿಂದ ಮೊಮ್ಮಗಳನ್ನು ನೋಡಿದಳು, ಅವನನ್ನು ನೋಡಿದಳು. ಒಳಗೆ ಬಂದು ಇಬ್ಬರ ನಟ್ಟನಡುವೆ ಚಾಪೆ ಹಾಸಿ ಕುಳಿತಳು.

"ಈಗ ಹಾಕು. ನಿಮ್ಮಪ್ಪ ಕೇಳಿದ್ರ ನಾನ ಹಾಕಿಸೀನಿ ಅಂತೀನಿ."

ಬಾಗಿಲು ಮುಚ್ಚಿತು. ಗೋಡೆಯ ಮೇಲೆ ನಿಧಾನವಾಗಿ ಮೂಡಿದವು: ಕೆಂಪು, ಕಪ್ಪು, ಕೆಂಪು, ಕಪ್ಪು, ಸೀರೆಯ ದಡಿಯ ಹಾಗೆ. ರಾಚಪ್ಪ ಒಂದು ಗೆರೆಗೆ ಕಾಗದ ಅಡ್ಡ ಹಿಡಿದ, ಕಪ್ಪು ಅಳಿಯಿತು. ತೆಗೆದ, ಮತ್ತೆ ಬಂತು.

"ಅಯ್ಯ ಶಿವನ, ಬೆಳಕು ಕೂಡಿದ್ರ ಕತ್ತಲಿ!" ಎಂದಳು ಅಜ್ಜಿ.

"ಬೆಳಕೂ ಕೆರಿ ನೀರಿನಂಗ ಅಲಿ ಅಲಿ ಬರತೈತಿ. ಒಂದು ಅಲಿ ಏರೂವಾಗ ಇನ್ನೊಂದು ಇಳಿದ್ರ ಕತ್ತಲಿ ಅಜ್ಜಿ. ಎರಡೂ ಕೂಡೇ ಏರಿದ್ರ..." ಅವನು ನೀಲಗಂಗಾಳತ್ತ ತಿರುಗಿದ.

"ಹೂಂ," ಎಂದಳು ನೀಲಗಂಗಾ, ಗೋಡೆಯನ್ನೇ ನೋಡುತ್ತ.

"ಜೋರಾಗಿ ಅನ್ನs ಹುಡುಗಿ," ಅಜ್ಜಿ ಗದರಿದಳು. "ಕೆಳಗ ನಿಮ್ಮಪ್ಪಗ ಕೇಳ್ಸಬೇಕು."

ಅವಳು ಜೋರಾಗಿಯೇ ಅಂದಳು.