ಕರಡಿ ಕಚ್ಚಿದ ಕ್ಯಾಮೆರಾ

"ಇದನ್ನ ಕರಡಿ ಕಚ್ಚಿದೆ. ರಿಪೇರಿ ಆಗುತ್ತಾ?"

ಶನಿವಾರ ಬೆಳಿಗ್ಗೆ, ಕ್ಯಾಮೆರಾ ಅಂಗಡಿಯ ಬಾಗಿಲು ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ಹಳೆಯ ಲೆನ್ಸೊಂದರ ತಿರುಪು ಬಿಚ್ಚುತ್ತಿದ್ದ ಅವಳು ತಲೆ ಎತ್ತಿದಳು.

ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಹಸಿರು ಡಬ್ಬಿ. ಅದರ ಮೂಲೆಯಲ್ಲಿ ನಾಲ್ಕು ಹಲ್ಲಿನ ಗುರುತು. ಡಬ್ಬಿಯ ಹಿಂದೆ ಮೊಣಕಾಲಿನವರೆಗೂ ಕೆಸರು ಮೆತ್ತಿಕೊಂಡ ಒಬ್ಬ ಮನುಷ್ಯ. ಅವನ ಕೂದಲಿನಲ್ಲಿ ಒಂದು ಒಣ ಎಲೆ ಸಿಕ್ಕಿಕೊಂಡಿತ್ತು. ಪಾಪ, ಅದು ಅವನಿಗೆ ಗೊತ್ತಿರಲಿಲ್ಲ.

ಅವಳಿಗೆ ನಗು ಬಂತು... ಬಂದ ನಗುವನ್ನು ನುಂಗಿಕೊಂಡು, "ಕರಡಿಗೆ ಏನೂ ಆಗಿಲ್ಲ ತಾನೆ?" ಎಂದಳು.

ಅವನು ಗಂಭೀರವಾಗಿ ಯೋಚಿಸಿದ. "ಇಲ್ಲ, ಅದು ಚೆನ್ನಾಗಿದೆ."

ಅಷ್ಟೇ ಮಾತು. ಅಷ್ಟಕ್ಕೇ ಅವಳ ಕೈಯಲ್ಲಿದ್ದ ತಿರುಪು ಜಾರಿ ಎಲ್ಲಿ ಬಿತ್ತೋ, ಸಂಜೆಯವರೆಗೂ ಸಿಗಲಿಲ್ಲ.

ಅದು ಕಾಡಿನಲ್ಲಿ ಮರಕ್ಕೆ ಕಟ್ಟುವ ಕ್ಯಾಮೆರಾ. ಮನುಷ್ಯ ಪಕ್ಕದಲ್ಲಿ ಇರಬೇಕಿಲ್ಲ. ಎದುರಿಗೆ ಪ್ರಾಣಿ ಹಾದುಹೋದರೆ ತಾನಾಗಿಯೇ ಫೋಟೊ ತೆಗೆಯುತ್ತದೆ. ಅವನು ಕಾಡಿನ ಅಂಚಿನ ಒಂದು ಗುಡಿಸಲಿನಲ್ಲಿದ್ದುಕೊಂಡು ಪ್ರಾಣಿಗಳನ್ನು ಗಮನಿಸುವ ಕೆಲಸದವನು. ಅಲ್ಲಿನ ಹಳ್ಳದಲ್ಲಿ ನೀರುನಾಯಿಗಳಿವೆ ಎಂಬುದು ಅವನ ನಂಬಿಕೆ. ಹೆಜ್ಜೆ ಗುರುತು ನೋಡಿದ್ದಾನೆ, ತಿಂದು ಬಿಟ್ಟ ಮೀನಿನ ತಲೆ ನೋಡಿದ್ದಾನೆ. ಆದರೆ ಅವನ ಕಚೇರಿಯವರಿಗೆ ಫೋಟೊ ಬೇಕು. ತಿಂಗಳ ಕೊನೆಯೊಳಗೆ ಒಂದಾದರೂ ಫೋಟೊ ಸಿಗದಿದ್ದರೆ ಆ ಹಳ್ಳದ ಕಾವಲು ನಿಲ್ಲಿಸಿ, ಅವನನ್ನು ಎರಡು ದಿನದ ದಾರಿಯಷ್ಟು ದೂರದ ಬೇರೆ ಕಾಡಿಗೆ ಕಳಿಸುತ್ತಾರೆ.

ಇದನ್ನೆಲ್ಲ ಅವನು ಅಂಗಡಿಯ ಮರದ ಸ್ಟೂಲಿನ ಮೇಲೆ ಕೂತು ಹೇಳಿದ. ಅವಳು ಒಡೆದ ಮೂಲೆಯನ್ನು ಅಂಟಿಸಿ, ನೀರು ಇಳಿಯದಂತೆ ಹೊಸ ರಬ್ಬರ್ ಕೂರಿಸುತ್ತಾ ಕೇಳಿದಳು.

ಕರಡಿ ಬರೀ ಕಚ್ಚುವುದಿಲ್ಲವಂತೆ, ನೆಕ್ಕುತ್ತದಂತೆ. ಲೆನ್ಸಿನ ಮುಂದೆಲ್ಲ ಗೀರು ಬಿದ್ದಿತ್ತು. ಅವಳಿಗೆ ಒಂದು ಉಪಾಯ ಹೊಳೆಯಿತು. ಅಂಗಡಿಯ ಹಿಂಬದಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಪ್ಪನ ಹತ್ತಿರ ಹೋಗಿ, ಡಬ್ಬಿಯ ಮುಖದಷ್ಟೇ ಅಗಲದ ಗಾಜು ಕತ್ತರಿಸಿಕೊಂಡು ಬಂದಳು. ಅದಕ್ಕೆ ತೆಳುವಾದ ಅಂಚು ಕಟ್ಟಿ, ಬೇಕೆಂದಾಗ ಹಾಕಿ ತೆಗೆಯುವಂತೆ ಎರಡು ಕೊಂಡಿ ಇಟ್ಟಳು.

"ಇನ್ನು ನೆಕ್ಕೋದಾದ್ರೆ ಗಾಜನ್ನ ನೆಕ್ಕಲಿ," ಎಂದು ಕೊಟ್ಟಳು. "ಇದು ರಿಪೇರಿಯಲ್ಲಿ ಸೇರಿಲ್ಲ. ಇದು... ನನ್ನ ಕಡೆಯಿಂದ."

ಅವನು ಗಾಜನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟ.

ಮುಂದಿನ ಶನಿವಾರ ಅವನು ಮತ್ತೆ ಬಂದ. ಅದೇ ಕ್ಯಾಮೆರಾ.

"ಒಂದೂ ಫೋಟೊ ಬರ್ತಿಲ್ಲ," ಎಂದ.

ಅವಳ ಮುಖ ಸಪ್ಪಗಾಯಿತು. ಅವಳು ಮುಟ್ಟಿದ ವಸ್ತು ವಾಪಸ್ ಬರುವುದೆಂದರೆ ಅವಳಿಗೆ ಕಪಾಳಕ್ಕೆ ಹೊಡೆದಷ್ಟೇ ನೋವು. ತಕ್ಷಣ ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು, ಅದರ ಮುಂದೆ ತಾನೇ ನಡೆದಳು. ಟಿಕ್! ಫೋಟೊ ಬಂತು. ಇನ್ನೊಮ್ಮೆ ನಡೆದಳು. ಮತ್ತೆ ಬಂತು.

ಇಬ್ಬರೂ ಮುಖ ಮುಖ ನೋಡಿಕೊಂಡರು.

ಬ್ಯಾಟರಿ ಬದಲಾಯಿಸಿದಳು. ಅದು ಕೂರುವ ಜಾಗದ ತುಕ್ಕು ಉಜ್ಜಿದಳು. ಫೋಟೊ ತುಂಬುವ ಕಾರ್ಡನ್ನು ಬರಿದು ಮಾಡಿ ಹಾಕಿಕೊಟ್ಟಳು. ಇನ್ನೊಂದು ವಿಷಯವನ್ನೂ ಅವಳ ಕಣ್ಣು ಕಂಡಿತ್ತು. ಕ್ಯಾಮೆರಾದ ಮೇಲೆ ಅವಳ ಗಾಜು ಇರಲಿಲ್ಲ.

'ಬಿಸಾಕಿರಬೇಕು... ಅಥವಾ ಒಡೆದಿರಬೇಕು. ಇರಲಿ, ನನಗೇನಂತೆ?' ಎಂದುಕೊಂಡಳು. ಆದರೆ ಮಧ್ಯಾಹ್ನ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಮೂರನೆಯ ಶನಿವಾರವೂ ಅವನು ಬಂದ. ಕಾಡಿನಲ್ಲಿ ಕೆಲಸ ಮಾಡದ ಕ್ಯಾಮೆರಾ ಅಂಗಡಿಯಲ್ಲಿ ಜಾಣ ಮಗುವಿನಂತೆ ಎಲ್ಲವನ್ನೂ ಮಾಡಿತು. ಊಟದ ಡಬ್ಬಿ ಹಿಡಿದು ಒಳಗೆ ಬಂದ ಅವಳ ಅಕ್ಕನ ಫೋಟೊವನ್ನೂ ತೆಗೆಯಿತು, ಅದೂ ಎರಡೆರಡು ಸಲ.

ಅವನು ಹೋದಮೇಲೆ ಅಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ನಿನ್ನ ಕರಡಿ ಪ್ರತಿ ವಾರ ಬರುತ್ತಲ್ಲೇ," ಎಂದಳು. "ಆ ಕ್ಯಾಮೆರಾಗೆ ಏನೂ ಆಗಿಲ್ಲ ಪುಟ್ಟಿ. ಆಗಿರೋದೆಲ್ಲ ಅವನಿಗೇ."

"ಸುಮ್ನಿರಕ್ಕಾ."

ಅಕ್ಕ ಸುಮ್ಮನಾದಳು. ಆದರೆ ತಂಗಿಯ ಮನಸ್ಸು ಸುಮ್ಮನಾಗಬೇಕಲ್ಲ...

ಕ್ಯಾಮೆರಾ ನಿಜವಾಗಿ ಕೆಟ್ಟಿದ್ದರೆ, ಅವನು ಬರುವುದು ಕ್ಯಾಮೆರಾಕ್ಕಾಗಿ. ಕೆಟ್ಟಿರದಿದ್ದರೆ... ಅವನು ಬರುವುದು ಯಾರಿಗಾಗಿ? ಆ ಪ್ರಶ್ನೆಯೊಂದೇ ವಾರವಿಡೀ ಅವಳ ತಲೆ ತಿಂದಿತು. ದೋಷ ಸಿಗಲಿ, ಅವನ ಕೆಲಸ ಉಳಿಯಲಿ ಎಂದು ಒಂದು ಮನಸ್ಸು. ದೋಷವೇ ಇರದಿರಲಿ ಎಂದು ಇನ್ನೊಂದು ಮನಸ್ಸು. ಹತ್ತು ವರ್ಷ ರಿಪೇರಿ ಕೆಲಸ ಮಾಡಿದವಳು ಒಂದು ವಸ್ತು ಸರಿಯಾಗಿದೆಯೋ ಕೆಟ್ಟಿದೆಯೋ ಎಂದು ಇಷ್ಟು ಗೊಂದಲಪಟ್ಟದ್ದು ಇದೇ ಮೊದಲು.

ನಾಲ್ಕನೆಯ ಶನಿವಾರ ಅವನ ಮುಖ ಬಾಡಿತ್ತು. ಇನ್ನು ಒಂದೇ ವಾರ ಉಳಿದಿರುವುದು, ಸಾಮಾನು ಕಟ್ಟಿಟ್ಟುಕೊಳ್ಳಿ ಎಂದು ಕಚೇರಿಯಿಂದ ಕಾಗದ ಬಂದಿದೆ ಎಂದ. ಅವಳು ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿ, ಕ್ಯಾಮೆರಾಕ್ಕೆ ಅಂಗಡಿಯ ಕಾರ್ಡು ಹಾಕಿದಳು. ಮುಂದೆ ನಡೆದಳು. ಟಿಕ್! ಎಂದಿನಂತೆ ಚೆನ್ನಾಗಿಯೇ ಇತ್ತು.

ಇವತ್ತು ಕೇಳಿಯೇಬಿಡಬೇಕು.

"ಒಂದು ನಿಜ ಹೇಳ್ತೀರಾ? ಇದು ನಿಜವಾಗ್ಲೂ ಕೆಟ್ಟಿದೆಯಾ?"

ಅವನು ಕಕ್ಕಾಬಿಕ್ಕಿಯಾದ. ಮೂರು ವಾರದಿಂದ ನಿದ್ದೆಗೆಟ್ಟವನಿಗೆ ಆ ಪ್ರಶ್ನೆಯ ಹಿಂದೆ ಏನಿದೆಯೆಂದು ಎಲ್ಲಿ ಹೊಳೆಯಬೇಕು? ತನ್ನನ್ನು ಸುಳ್ಳ ಎನ್ನುತ್ತಿದ್ದಾಳೆ ಎಂದೇ ಅವನಿಗೆ ಅನ್ನಿಸಿತು.

"ಕೆಟ್ಟಿಲ್ಲದಿದ್ರೆ ನಾನು ಯಾಕೆ ಬರ್ತಿದ್ದೆ?"

ಹೌದು... ಮತ್ತೆ ಯಾಕೆ ಬರುತ್ತಾನೆ? ಎಂಥ ಪೆದ್ದಿ ನಾನು!

"ಇದರಲ್ಲಿ ಯಾವ ದೋಷವೂ ಇಲ್ಲ," ಎಂದು ಕ್ಯಾಮೆರಾವನ್ನು ಅವನ ಕಡೆ ತಳ್ಳಿದಳು. "ಇನ್ನು ಬೇರೆ ಅಂಗಡಿಯಲ್ಲಿ ತೋರಿಸಿ."

ಅವನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು, ತಿರುಗಿ ನೋಡದೆ ಮೆಟ್ಟಿಲು ಇಳಿದುಹೋದ.

ಅವನ ಕಾರ್ಡು ಕಂಪ್ಯೂಟರಿನಲ್ಲೇ ಉಳಿದಿತ್ತು. ಅವಳು ಅದನ್ನು ಕಂಡಾಗ ಸಂಜೆಯಾಗಿತ್ತು. ನೋಡಬಾರದು ಎಂದುಕೊಂಡಳು. ನೋಡಿದಳು.

ನೀರುನಾಯಿ ಇರಲಿಲ್ಲ. ಹಕ್ಕಿ ಇರಲಿಲ್ಲ. ಇದ್ದದ್ದು ಅವನೊಬ್ಬನೇ! ಇಪ್ಪತ್ತಮೂರು ಫೋಟೊ, ಇಪ್ಪತ್ತಮೂರರಲ್ಲೂ ಅವನದೇ ಮುಖ, ತೀರಾ ಹತ್ತಿರದಿಂದ. ಒಂದರಲ್ಲಿ ಹುಬ್ಬು ಗಂಟಿಕ್ಕಿದ್ದಾನೆ. ಒಂದರಲ್ಲಿ ಏನನ್ನೋ ಕರವಸ್ತ್ರದಿಂದ ಒರೆಸುತ್ತಿದ್ದಾನೆ, ಏನೆಂದು ಕಾಣುವುದಿಲ್ಲ. ಕೊನೆಯವು ಆ ದಿನ ಬೆಳಿಗ್ಗೆಯವು. ಅಂಗಡಿಗೆ ಹೊರಡುವ ಮುಂಚಿನವು. ಅವುಗಳಲ್ಲಿ ಅವನು ಕೈಯಲ್ಲಿ ಹಿಡಿದ ಏನನ್ನೋ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದ. ಒಮ್ಮೆ ಬಲಕ್ಕೆ. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಈ ಕ್ಯಾಮೆರಾ ಇವನೊಬ್ಬನನ್ನೇ ನೋಡುತ್ತದೆ, ಬೇರೆ ಯಾರನ್ನೂ ನೋಡುವುದಿಲ್ಲ... 'ನನ್ನ ಹಾಗೆ,' ಎನ್ನಿಸಿ ಕಣ್ಣು ತುಂಬಿಬಂತು.

ಹಿಂದೆ ನಿಂತ ಅಪ್ಪ ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಅಂಗಡೀಲಿ ಸರಿ ಇದ್ದು ಅಲ್ಲಿ ಕೆಡುತ್ತೆ ಅಂದ್ರೆ, ಅಲ್ಲಿಗೇ ಹೋಗಿ ನೋಡಬೇಕಮ್ಮ," ಎಂದರು. "ಹೇಗೂ ಕಾರ್ಡು ಕೊಡಬೇಕಲ್ಲ."

ಅಪ್ಪ ಎಂದೂ ಹೆಚ್ಚು ಮಾತಾಡುವವರಲ್ಲ.

ಭಾನುವಾರ ಅವಳು ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದಳು. ಮಣ್ಣುದಾರಿಯಲ್ಲಿ ಅರ್ಧ ಗಂಟೆ ನಡೆದಾಗ ಗುಡಿಸಲು ಸಿಕ್ಕಿತು. ಹೊಸ್ತಿಲಲ್ಲಿ ಹಗ್ಗ ಬಿಗಿದ ಎರಡು ಪೆಟ್ಟಿಗೆ ಇದ್ದವು. ಅವಳು ಅವನ್ನು ಬಳಸಿಕೊಂಡು ಹಳ್ಳದ ಕಡೆ ನಡೆದಳು.

ಅವನು ಹಳ್ಳದ ದಡದಲ್ಲಿದ್ದ. ಅವಳನ್ನು ನೋಡಿ ಎದ್ದು ನಿಂತವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಕಾರ್ಡು ಬಿಟ್ಟುಬಂದಿದ್ದಿರಿ, ಕೊಡಲು ಬಂದೆ ಎಂದು ಅವಳು ನೆಲ ನೋಡುತ್ತಾ ಹೇಳಿದಳು. ಹೇಳಿ ತಲೆ ಎತ್ತಿದಾಗ ಎದುರಿನ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಕಣ್ಣಿಗೆ ಬಿತ್ತು.

ಅದರ ಮೇಲೆ ಗಾಜಿತ್ತು.

ಅವಳ ಗಾಜು. ಒಂದು ಗೀರೂ ಇಲ್ಲದೆ, ಈಗ ತಾನೇ ಒರೆಸಿದಂತೆ ಫಳಫಳ ಹೊಳೆಯುತ್ತಿತ್ತು.

"ಇದು... ಇದು ಬಿಸಾಕಿಲ್ವಾ ನೀವು? ಅಂಗಡಿಗೆ ತಂದಾಗ ಒಂದು ಸಲನೂ ಇರ್ಲಿಲ್ಲ!"

ಅವನ ಮುಖ ಕೆಂಪಾಯಿತು. "ಬಸ್ಸಲ್ಲಿ ಒಡೆದುಹೋದ್ರೆ ಅಂತ... ಬರೋವಾಗ ಬಿಚ್ಚಿ, ಬಟ್ಟೆ ಸುತ್ತಿ, ಹಾಸಿಗೆ ಕೆಳಗೆ ಇಟ್ಟು ಬರ್ತಿದ್ದೆ. ವಾಪಸ್ ಬಂದು ಮೊದಲು ಇದನ್ನ ಹಾಕ್ತಿದ್ದೆ. ನೀವು ಕೊಟ್ಟಿದ್ದಲ್ವಾ."

ಅವಳ ಕಣ್ಣು ಗಾಜಿನ ಮೇಲೇ ನಿಂತಿತು. ಕ್ಯಾಮೆರಾದ ಪರೀಕ್ಷೆಯ ಗುಂಡಿ ಒತ್ತಿ, ಅದರ ಮುಂದೆ ನಡೆಯುವಂತೆ ಅವನಿಗೆ ಸನ್ನೆ ಮಾಡಿದಳು. ಅವನು ನಡೆದ. ಹತ್ತಿರದಲ್ಲಿ ನಡೆದ, ದೂರದಲ್ಲಿ ನಡೆದ. ಕ್ಯಾಮೆರಾದ ಕೆಂಪು ದೀಪ ಮಿಸುಕಲಿಲ್ಲ. ಅವಳು ಕೊಂಡಿ ಬಿಚ್ಚಿ ಗಾಜು ತೆಗೆದಳು. ಅವನು ಒಂದು ಹೆಜ್ಜೆ ಇಟ್ಟ.

ದೀಪ ಹತ್ತಿತು.

ಅವಳು ಗಾಜನ್ನು ಕೈಯಲ್ಲಿ ಹಿಡಿದೇ ಬಂಡೆಯ ಮೇಲೆ ಕೂತಳು.

ಈ ಕ್ಯಾಮೆರಾ ಮೊದಲು ಕಣ್ಣಿನಿಂದ ನೋಡುವುದಿಲ್ಲ. ಮೈಯ ಬಿಸಿ ತಾಕಿದರೆ ಮಾತ್ರ ಎಚ್ಚರವಾಗಿ, ಆಮೇಲೆ ಲೆನ್ಸಿನಿಂದ ನೋಡುತ್ತದೆ. ಬೆಳಕು ಗಾಜನ್ನು ದಾಟುತ್ತದೆ, ಮೈಯ ಬಿಸಿ ದಾಟುವುದಿಲ್ಲ. ಹತ್ತು ವರ್ಷ ಬರೀ ಲೆನ್ಸು ಒರೆಸಿದವಳಿಗೆ ಗಾಜೆಂದರೆ ಕ್ಯಾಮೆರಾವನ್ನು ಕಾಯುವ ವಸ್ತು, ಅಷ್ಟೇ. ಅದು ಅಡ್ಡ ಬಂದೀತೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವನು ಗಾಜು ತೆಗೆದು ಒರೆಸುವಾಗ, ಅದನ್ನೇ ಕನ್ನಡಿ ಮಾಡಿಕೊಂಡು ತಲೆ ಬಾಚುವಾಗ ಮಾತ್ರ ಕ್ಯಾಮೆರಾ ಎಚ್ಚರವಾಗಿ ಅವನ ಮುಖ ಹಿಡಿದಿತ್ತು.

"ನಾನೇ," ಎಂದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ನಿಮ್ಮ ಕ್ಯಾಮೆರಾ ಕೆಡಿಸಿದ್ದು ಕರಡಿ ಅಲ್ಲ, ನಾನು. ಇಡೀ ತಿಂಗಳು ಹಾಳಾಗಿದ್ದು ನನ್ನಿಂದ."

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ನಿಮ್ಮ ಮುಖ ಮಾತ್ರ ಬರುತ್ತಿದೆ ಎಂದು ಒಂದು ಮಾತು ಹೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತಲ್ಲ ಎಂದು ಬೈದಳು ಕೂಡ. ಅವನು ತಲೆ ತಗ್ಗಿಸಿದ.

"ಅಳಿಸಿಬಿಡ್ತಿದ್ದೆ, ಈ ಸಲ ಮರೆತೆ. ಹೇಗೆ ತೋರಿಸ್ಲಿ? ಎಲ್ಲದರಲ್ಲೂ ತಲೆ ಬಾಚ್ಕೊಳ್ತಾ ಇದ್ದೆ..."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಆದರೂ ಹೇಳಬೇಕಾದದ್ದನ್ನು ಇಬ್ಬರೂ ಹೇಳಲಿಲ್ಲ. ಉಳಿದದ್ದು ಆರೇ ದಿನ. ಪೆಟ್ಟಿಗೆಗಳು ಹೊಸ್ತಿಲಲ್ಲೇ ಇದ್ದವು. ಹೋಗುವವನ ಹತ್ತಿರ ಏನು ಹೇಳುವುದು? ಅವಳು ಅಂಗಡಿಯ ಕಾರ್ಡು ತೆಗೆದು, ಅವನ ಕಾರ್ಡನ್ನು ಕ್ಯಾಮೆರಾದೊಳಗೆ ಹಾಕಿ ಹಳೆಯದನ್ನೆಲ್ಲ ಅಳಿಸಿ, ಗಾಜನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟು, ಬಸ್ಸಿಗೆ ನಡೆದಳು.

ಆ ವಾರ ಅವಳು ಮುಟ್ಟಿದ ಯಾವ ಕೆಲಸವೂ ನೆಟ್ಟಗಾಗಲಿಲ್ಲ. ಅಕ್ಕ ಕೂಡ ಕಾಲೆಳೆಯುವುದನ್ನು ಬಿಟ್ಟು, ತಂಗಿಯ ಊಟದ ಡಬ್ಬಿ ಖಾಲಿಯಾಗುತ್ತಿದೆಯೇ ಎಂದು ಮಾತ್ರ ನೋಡುತ್ತಿದ್ದಳು.

ಶನಿವಾರ ಬಂತು. ಬೆಳಗಿನ ಬಸ್ಸು ಬಂದು ಹೋಯಿತು. ಅವನು ಬರಲಿಲ್ಲ. ಮಧ್ಯಾಹ್ನದ ಬಸ್ಸೂ ಹೋಯಿತು. 'ಪೆಟ್ಟಿಗೆ ಹೊತ್ತು ಹೋಗಿರಬೇಕು... ಹೇಳದೆಯೇ ಹೋದ,' ಎಂದು ಅವಳು ಮೇಜಿನ ದೀಪ ಆರಿಸಲು ಕೈ ಚಾಚಿದಳು.

ಬಾಗಿಲ ಗಂಟೆ ಸದ್ದಾಯಿತು.

ಇವತ್ತು ಕೆಸರಿರಲಿಲ್ಲ. ತಲೆ ನೀಟಾಗಿ ಬಾಚಿತ್ತು. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಕಾರ್ಡೊಂದೇ ಇತ್ತು. ಅವನು ಅದನ್ನು ಮೇಜಿನ ಮೇಲಿಟ್ಟ. ಅವಳು ಕಂಪ್ಯೂಟರಿಗೆ ಸಿಕ್ಕಿಸಿದಳು.

ಮೊದಲ ಫೋಟೊ ಹೋದ ಭಾನುವಾರದ್ದು. ಕ್ಯಾಮೆರಾ ಕಾರ್ಡು ಹಾಕಿದ ಕೂಡಲೇ ತೆಗೆದದ್ದು. ಅವಳು ಕರವಸ್ತ್ರದಲ್ಲಿ ಗಾಜು ಸುತ್ತುತ್ತಿದ್ದಾಳೆ. ಅವನು ಗಾಜನ್ನಾಗಲಿ ಕ್ಯಾಮೆರಾವನ್ನಾಗಲಿ ನೋಡುತ್ತಿಲ್ಲ. ಅವಳನ್ನೇ ನೋಡುತ್ತಿದ್ದಾನೆ. ಯಾರೂ ನೋಡುತ್ತಿಲ್ಲವೆಂದುಕೊಂಡ ಮನುಷ್ಯನ ಮುಖ ಅದು. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ಆಮೇಲೆ ಒಂದು ಕೊಕ್ಕರೆ. ಆಮೇಲೆ ಬರೀ ನೀರು. ಆಮೇಲೆ... ದಡದ ಬಂಡೆಯ ಮೇಲೆ, ಒದ್ದೆ ಮೈ ಹೊಳೆಯಿಸುತ್ತಾ, ಒಂದರ ಬಾಲಕ್ಕೊಂದು ಮುಖ ತಾಗಿಸಿಕೊಂಡು, ಮೂರು ನೀರುನಾಯಿಗಳು!

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಬೆಳಿಗ್ಗೆಯೇ ಕಚೇರಿಗೆ ಹೋಗಿ ತೋರಿಸಿ ಬಂದೆ, ಅದಕ್ಕೇ ತಡವಾಯಿತು ಎಂದು ಅವನು ಹೇಳಿದ. ಹಳ್ಳದ ಕಾವಲು ಮುಂದುವರಿಯುತ್ತದೆ. ಅವನು ಎಲ್ಲಿಗೂ ಹೋಗುವುದಿಲ್ಲ.

ಹಿಂಬದಿಯಲ್ಲಿ ಅಪ್ಪನ ಗಾಜು ಕತ್ತರಿಸುವ ಸದ್ದು ನಿಂತೇ ಹೋಗಿತ್ತು.

ಅವಳು ಕಣ್ಣೊರೆಸಿಕೊಂಡು, ರಿಪೇರಿಗೆ ಬಂದವರನ್ನೆಲ್ಲ ಕೇಳುವ ಹಾಗೆಯೇ ಕೇಳಿದಳು.

"ಹೇಳಿ, ಇವತ್ತು ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಕೆಟ್ಟಿಲ್ಲದಿದ್ರೆ ಮತ್ತೆ ಯಾಕೆ ಬಂದ್ರಿ?"

ಅವನು ಮರದ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಅದನ್ನ ಹೇಳೋಕೇ ಬಂದೆ."