ಎರಡನೆಯ ಫೋನು

ಬ್ರಾಗಾದಲ್ಲಿ ಪ್ರವಾಸಿಗರಿಗೆ ಊರು ತೋರಿಸುವುದು ನನ್ನ ಕೆಲಸ. ಅವರಿಗೆ ಇಂಟರ್‌ನೆಟ್ ಸಿಗಲೆಂದು ಪುಟ್ಟ ವೈಫೈ ಪೆಟ್ಟಿಗೆಯೊಂದು ನನ್ನ ಚೀಲದಲ್ಲಿರುತ್ತದೆ. ಎಷ್ಟು ಫೋನು ಸೇರಿಕೊಂಡಿವೆ ಎಂಬುದು ಅದರ ಮೇಲೆ ಕಾಣುತ್ತದೆ.

ಕ್ರಿಸ್‌ಮಸ್ ಹಿಂದಿನ ದಿನ ಬಂದವರು ಹೆಲ್ಗಾ ಎಂಬ ಅಜ್ಜಿ ಒಬ್ಬರೇ. ಪಾಳುಬಿದ್ದ ಮಠದೊಳಗೆ ಕಾಲಿಟ್ಟಾಗ ಪೆಟ್ಟಿಗೆ ಎರಡು ಎಂದು ತೋರಿಸಿತು. ಪೆಟ್ಟಿಗೆಯ ಗುಂಡಿಗಳಿಂದಲೇ ಪಾಸ್‌ವರ್ಡ್ ಬದಲಿಸಿ ಅಜ್ಜಿಗೆ ಮಾತ್ರ ಹೇಳಿದೆ. ಮತ್ತೆ ಎರಡು. ಸದಾ ಬಿಸಿಯಾಗಿರುವ ಪೆಟ್ಟಿಗೆ ಕೈ ಕೊರೆಯುವಷ್ಟು ತಣ್ಣಗಿತ್ತು.

"ಇನ್ನೊಂದು ನಿಂದೇ ಇರ್ಬೇಕು ಕಣಪ್ಪಾ," ಎಂದು ಅಜ್ಜಿ ನಕ್ಕರು.

"ನಂದು ಮನೇಲೇ ಮರೆತು ಬಂದಿದೀನಮ್ಮಾ."

ಆಮೇಲೆ ಅವರು ನಗಲಿಲ್ಲ.

ಸಂಜೆ ಮನೆಯಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿಯ ನಮ್ಮೂರ ಪದ್ಧತಿಯಂತೆ ತೀರಿಕೊಂಡವರಿಗೆಂದು ಇನ್ನೊಂದು ತಟ್ಟೆಯಿಟ್ಟು, ಉಪ್ಪುಮೀನು ಬಡಿಸಿಕೊಂಡು ಒಬ್ಬನೇ ಕುಳಿತೆ. ನನ್ನ ಫೋನು ಚಾರ್ಜ್ ಮುಗಿದು ಆರಿಹೋಗಿತ್ತು. ಪೆಟ್ಟಿಗೆಯ ಮೇಲೆ ಒಂದು ಎಂದಿತ್ತು.

ಇದಾಗಿ ಎರಡು ವರ್ಷವಾಯಿತು. ಪೆಟ್ಟಿಗೆಯನ್ನು ಆಫ್ ಮಾಡಲು ನನಗೆ ಇನ್ನೂ ಮನಸ್ಸು ಬಂದಿಲ್ಲ.