ಹಿಂದಿನ ಸೀಟಿನಡಿಯ ವೈರು

ಕಾರುಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವುದು ನನ್ನ ಕಸುಬು. ಸುಳ್ಳು ಹೇಳುವ ಗಿರಾಕಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಬಿಳಿ ಕಾರಿನವನು ಮತ್ತೆ ಮತ್ತೆ ಸುಟ್ಟ ಫ್ಯೂಸ್ ಹಿಡಿದುಕೊಂಡು ಬರುತ್ತಿದ್ದ.

ಆ ಮಧ್ಯಾಹ್ನ ಫ್ಯೂಸ್ ತೆಗೆದು, ಆ ಜಾಗಕ್ಕೆ ಒಂದು ಬಲ್ಬು ಜೋಡಿಸಿ, ಕಾಣುವಂತೆ ಮುಂದಿನ ಗಾಜಿನ ಹತ್ತಿರ ಇಟ್ಟೆ. ಎಲ್ಲಾದರೂ ಶಾರ್ಟ್ ಆದರೆ ಬಲ್ಬು ಹೊತ್ತಿಕೊಳ್ಳುತ್ತದೆ. ಹಿಂದಿನ ಸೀಟಿನ ಮೇಲೆ ಮೊಣಕಾಲೂರಿದೆ, ಹೊತ್ತಿತು. ಕಾಲು ತೆಗೆದೆ, ಆರಿತು. ಸೀಟಿನಡಿ ವೈರು ಜಜ್ಜಿಹೋಗಿತ್ತು. ಸೀಟು ಮಾತ್ರ, ಯಾರೋ ಆಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

"ಹಿಂದೆ ಯಾರನ್ನ ಕೂರಿಸ್ಕೊಂಡು ಓಡಾಡ್ತೀರಾ ಸಾರ್? ಅವರು ಕೂತಾಗೆಲ್ಲ ಫ್ಯೂಸ್ ಹೋಗ್ತಿದೆ."

"ಯಾರೂ ಇಲ್ಲಪ್ಪ. ನಾನೊಬ್ನೇ ಓಡಾಡೋದು."

ಯಾರ ಕಿವಿಗೆ ಹೂ ಇಡುತ್ತಾನೆ ಇವನು ಎಂದುಕೊಳ್ಳುತ್ತ ಕೆಳಗಿಳಿದು ಬಾಗಿಲು ಹಾಕಿದೆ. ಇಬ್ಬರೂ ಹೊರಗೇ ನಿಂತಿದ್ದೆವು.

ಒಳಗೆ ಬಲ್ಬು ಹೊತ್ತಿಕೊಂಡಿತು.

ಅವನು ನನ್ನ ಮುಖ ನೋಡಲಿಲ್ಲ. ಹಿಂದಿನ ಬಾಗಿಲು ತೆರೆದು, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ.

"ಸ್ವಲ್ಪ ಇಳಿಯಮ್ಮಾ, ಇವರ ಕೆಲಸ ಮುಗೀಲಿ," ಎಂದ ಮೆಲ್ಲಗೆ.

ಬಲ್ಬು ಆರಿತು.